ಸೊನ್ನೆ ಎಂದು ಬರೆಯುವ ಮುನ್ನ

ಸಂಘರ್ಷದ ಸಾವುಗಳನ್ನು ಎಣಿಸುವ ಕೋಷ್ಟಕದಲ್ಲಿ ಒಂದು ಜಿಲ್ಲೆ, ಒಂದು ತಿಂಗಳು, ಅದರ ಎದುರಿಗೆ ಒಂದು ಸೊನ್ನೆ. ಆ ತಿಂಗಳು ಅಲ್ಲಿ ರಾಜಕೀಯ ಕಾರಣಕ್ಕೆ ಯಾರೂ ಸಾಯಲಿಲ್ಲ ಎಂದು ಓದುವವರು ತಿಳಿದುಕೊಳ್ಳುತ್ತಾರೆ. ಆದರೆ ಆ ಸೊನ್ನೆ ನಾಲ್ಕು ದಾರಿಗಳಲ್ಲಿ ಯಾವುದರಿಂದಲಾದರೂ ಬಂದಿರಬಹುದು. ನಿಜವಾಗಿಯೂ ಏನೂ ನಡೆದಿರಲಿಕ್ಕಿಲ್ಲ. ನಡೆದದ್ದು ಎಲ್ಲೂ ವರದಿಯಾಗಿರಲಿಕ್ಕಿಲ್ಲ. ವರದಿಯಾದದ್ದು ನಮ್ಮ ವ್ಯಾಖ್ಯೆಯೊಳಗೆ ಬಂದಿರಲಿಕ್ಕಿಲ್ಲ. ಅಥವಾ ಒಂದು ಗುಂಪಿನ ಹಿಡಿತ ಅಷ್ಟು ಬಿಗಿಯಾಗಿದ್ದು, ಕೊಲ್ಲುವ ಅಗತ್ಯವೇ ಅದಕ್ಕೆ ಬಿದ್ದಿರಲಿಕ್ಕಿಲ್ಲ. ಶಾಂತಿ ನಿರ್ಮಾಣದ ಬಗ್ಗೆ ಸಂಶೋಧನೆ ಮಾಡುವವರ ಹೆಚ್ಚಿನ ದಿನಗಳು ಈ ನಾಲ್ಕನ್ನು ಒಂದರಿಂದೊಂದು ಬಿಡಿಸುವುದರಲ್ಲೇ ಹೋಗುತ್ತವೆ.

ಕೆಲಸ ಪ್ರಶ್ನೆಯಿಂದ ಶುರುವಾಗುತ್ತದೆ. ‘ಹಿಂಸೆ ಏಕೆ ಮರುಕಳಿಸುತ್ತದೆ’ ಎಂಬುದನ್ನು ಹಿಡಿದು ಹೊರಟರೆ ಎರಡು ವರ್ಷ ಓದಿದರೂ ಒಂದು ಸಾಲು ದತ್ತಾಂಶ ಕೈಗೆ ಬರುವುದಿಲ್ಲ. ‘ಒಪ್ಪಂದಕ್ಕೆ ಸಹಿ ಬಿದ್ದ 24 ತಿಂಗಳೊಳಗೆ ಶಸ್ತ್ರ ಕೆಳಗಿಟ್ಟವರ ಮೇಲೆ ಯಾವ ಜಿಲ್ಲೆಗಳಲ್ಲಿ ದಾಳಿ ನಡೆಯಿತು, ಅದಕ್ಕೆ ಮುಂಚೆ ಆ ಜಿಲ್ಲೆಗಳು ಯಾರ ಹಿಡಿತದಲ್ಲಿದ್ದವು’ ಎಂದು ಕೇಳಿಕೊಂಡರೆ ಮರುದಿನವೇ ಕೂತು ಕೆಲಸ ಮಾಡಬಹುದು. ಎಲ್ಲಿ, ಎಷ್ಟು ಅವಧಿ, ಯಾರು ಯಾರ ಮೇಲೆ, ಯಾವುದರ ಜೊತೆ ಹೋಲಿಕೆ ಎಂಬುದೆಲ್ಲ ಪ್ರಶ್ನೆಯೊಳಗೇ ಇರಬೇಕು.

ಆಮೇಲೆ ವ್ಯಾಖ್ಯೆ. ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ಸಂಘರ್ಷ ದತ್ತಾಂಶ ಯೋಜನೆಯನ್ನು ಈ ಕ್ಷೇತ್ರದವರೆಲ್ಲ ಯುಸಿಡಿಪಿ ಎಂದೇ ಕರೆಯುತ್ತಾರೆ. ಒಂದು ಕ್ಯಾಲೆಂಡರ್ ವರ್ಷದಲ್ಲಿ ಕಾದಾಟದಿಂದ ಕನಿಷ್ಠ 25 ಸಾವು ಆದರೆ ಅದರ ಲೆಕ್ಕದಲ್ಲಿ ಅದು ಸಶಸ್ತ್ರ ಸಂಘರ್ಷ; 1,000 ಮುಟ್ಟಿದರೆ ಯುದ್ಧ. ಸರ್ಕಾರವೇ ಒಂದು ಪಕ್ಷವಾಗಿರುವುದು, ಸರ್ಕಾರೇತರ ಗುಂಪುಗಳ ನಡುವಿನದು, ನಿರಾಯುಧ ನಾಗರಿಕರ ಮೇಲೆ ಏಕಪಕ್ಷೀಯವಾಗಿ ನಡೆಯುವುದು ಎಂದು ಹಿಂಸೆಯನ್ನು ಮೂರು ವಿಧ ಮಾಡುತ್ತಾರೆ. ಆಕ್ಲೆಡ್ ಎಂಬ ಇನ್ನೊಂದು ಯೋಜನೆ ಸಾವಿಲ್ಲದ ಘಟನೆಗಳನ್ನೂ ಪ್ರತಿಭಟನೆ, ದೊಂಬಿಗಳನ್ನೂ ದಾಖಲಿಸುತ್ತದೆ. ಯಾವತ್ತೂ ವರ್ಷಕ್ಕೆ 24 ಸಾವು ದಾಟದ ಕಲಹ ಮೊದಲನೆಯದರ ಪಟ್ಟಿಯಲ್ಲೇ ಇರುವುದಿಲ್ಲ, ಎರಡನೆಯದರಲ್ಲಿ ನೂರಾರು ಸಾಲು ತುಂಬಿರಬಹುದು. ಎರಡನ್ನೂ ಒಂದೇ ಫೈಲಿಗೆ ಸುರಿದು ಒಟ್ಟು ಕೂಡಿಸುವುದು ಹೊಸಬರಿಂದ ಆಗುವ ಮೊದಲ ದೊಡ್ಡ ತಪ್ಪು.

ವರದಿಯೊಂದು ಕೋಷ್ಟಕದ ಸಾಲಾಗುವ ಬಗೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊರಗಿನವರ ಕಣ್ಣಿಗೆ ಬೀಳದ ತೀರ್ಮಾನಗಳೆಲ್ಲ ಆಗುವುದು ಇಲ್ಲೇ. ಸೋಮವಾರ ಒಂದು ಪತ್ರಿಕೆಯಲ್ಲಿ ಹೀಗೆ ಬಂತೆನ್ನಿ: ಪಟ್ಟಣದ ಉತ್ತರಕ್ಕಿರುವ ಹಳ್ಳಿಯೊಂದರ ಮೇಲೆ ಶನಿವಾರ, ಭಾನುವಾರ ದಾಳಿ ನಡೆದು ಕನಿಷ್ಠ 7 ಮಂದಿ ಸತ್ತಿದ್ದಾರೆ. ಬುಧವಾರ ಇನ್ನೊಂದು ಪತ್ರಿಕೆ ಆಸ್ಪತ್ರೆಯ ಮೂಲವನ್ನು ಹೇಳಿ 11 ಎನ್ನುತ್ತದೆ. ಶುಕ್ರವಾರ ದಾಳಿ ಮಾಡಿದ ಗುಂಪೇ ಹೇಳಿಕೆ ಕೊಟ್ಟು, ತಾನು 30 ಮಂದಿಯನ್ನು ಕೊಂದೆ ಎನ್ನುತ್ತದೆ. ದಿನ, ಜಾಗ, ಪಕ್ಷಗಳು ಹೊಂದುವುದರಿಂದ ಇದು ಒಂದೇ ಘಟನೆ, ಮೂರು ಸಾಲು ಆಗಕೂಡದು. ಸಾವಿಗೆ ಮೂರು ಕಾಲಂ ಇರುತ್ತದೆ: ಕನಿಷ್ಠ, ಅತ್ಯುತ್ತಮ ಅಂದಾಜು, ಗರಿಷ್ಠ. ಕನಿಷ್ಠಕ್ಕೆ 7, ಅಂದಾಜಿಗೆ 11, ಗರಿಷ್ಠಕ್ಕೆ 30. ಕೊಂದವರ ಲೆಕ್ಕವನ್ನು ಅಂದಾಜಿನ ಕಾಲಂಗೆ ತರುವುದಿಲ್ಲ, ಏಕೆಂದರೆ ಹೆಚ್ಚು ಹೇಳಿಕೊಳ್ಳುವುದರಲ್ಲಿ ಅವರಿಗೆ ಲಾಭವಿದೆ. ಹಾಗೆಂದು ಅದನ್ನು ಎಸೆಯುವಂತೆಯೂ ಇಲ್ಲ. ಮುಂದೆ ಸಾಮೂಹಿಕ ಗೋರಿಯೊಂದು ಪತ್ತೆಯಾದರೆ ಆ 30 ಬೇಕಾಗುತ್ತದೆ.

ದಿನಾಂಕಕ್ಕೂ ಸ್ಥಳಕ್ಕೂ ಎಷ್ಟು ಖಚಿತ ಎಂದು ಹೇಳುವ ಅಂಕಿಗಳಿವೆ. ಯುಸಿಡಿಪಿಯ ಕ್ರಮದಲ್ಲಿ ದಿನ ನಿಖರವಾಗಿ ಗೊತ್ತಿದ್ದರೆ 1, ಎರಡರಿಂದ ಆರು ದಿನಗಳ ಅಂತರದಲ್ಲಿ ಎಂದಷ್ಟೇ ಗೊತ್ತಿದ್ದರೆ 2, ತಿಂಗಳು ಮಾತ್ರ ಗೊತ್ತಿದ್ದರೆ 4. ಸ್ಥಳಕ್ಕೆ ನಿಖರ ಜಾಗವಾದರೆ 1, ಗೊತ್ತಿರುವ ಜಾಗದಿಂದ ಸುಮಾರು 25 ಕಿಲೋಮೀಟರ್ ಒಳಗೆ ಎಂದಾದರೆ 2, ಜಿಲ್ಲೆ ಮಾತ್ರ ಗೊತ್ತಿದ್ದರೆ 3, ಪ್ರಾಂತ್ಯ ಮಾತ್ರವಾದರೆ 4, ದೇಶದೊಳಗೆ ಎಲ್ಲೋ ಎಂದಾದರೆ 6. ನಮ್ಮ ಉದಾಹರಣೆಯಲ್ಲಿ ಎರಡಕ್ಕೂ 2 ಬೀಳುತ್ತದೆ. ಈ ಕಾಲಂಗಳನ್ನು ನೋಡದೆ ನಕ್ಷೆ ಬರೆದರೆ ಏನಾಗುತ್ತದೆಂದರೆ, ಜಾಗ ಗೊತ್ತಿಲ್ಲದ ಸಾವುಗಳೆಲ್ಲ ಪ್ರಾಂತ್ಯದ ನಡುವಿನ ಒಂದೇ ಚುಕ್ಕೆಯ ಮೇಲೆ ಗುಡ್ಡೆ ಬೀಳುತ್ತವೆ. ಯಾರೂ ವಾಸಿಸದ ಕಾಡು ನಕ್ಷೆಯಲ್ಲಿ ಕೆಂಪಗೆ ಕಾಣುತ್ತದೆ. ಜನ ಸತ್ತ ಹಳ್ಳಿಗಳು ಬಿಳಿಯಾಗಿ, ಸೊನ್ನೆಯಾಗಿ ಉಳಿಯುತ್ತವೆ. ಜಿಲ್ಲಾ ಮಟ್ಟದ ವಿಶ್ಲೇಷಣೆಗೆ ಸ್ಥಳದ ಅಂಕಿ 1ರಿಂದ 3ರವರೆಗಿರುವ ಸಾಲುಗಳನ್ನು ಮಾತ್ರ ಇಟ್ಟುಕೊಂಡು, ಬಿಟ್ಟ ಸಾಲುಗಳೆಷ್ಟು, ಅವುಗಳಲ್ಲಿ ಸಾವುಗಳೆಷ್ಟು ಎಂದು ಅಡಿಯಲ್ಲಿ ಬರೆಯುವುದು ಸರಿಯಾದ ಕ್ರಮ.

ವರದಿಯಲ್ಲಿ ಅಂಕಿಯ ಬದಲು ಮಾತು ಇದ್ದಾಗ ಇನ್ನೊಂದು ತೊಡಕು. ‘ಡಜನ್‌ಗಟ್ಟಲೆ’ ಎಂದಿದ್ದರೆ ಆಕ್ಲೆಡ್ ನಿಯಮದಂತೆ 12, ‘ನೂರಾರು’ ಎಂದಿದ್ದರೆ 100. ನಿಯಮವಿರುವುದು ಒಳ್ಳೆಯದೇ. ಆದರೆ ಅದನ್ನು ಓದದೆ ಬಂದವರು ದತ್ತಾಂಶದಲ್ಲಿ 12 ಮತ್ತು 100ರ ಹತ್ತಿರ ಏಳುವ ದಿಬ್ಬಗಳನ್ನು ಕಂಡು ದಾಳಿಗಳ ಸ್ವರೂಪದ ಬಗ್ಗೆ ಸಿದ್ಧಾಂತ ಕಟ್ಟುತ್ತಾರೆ. ಇಂಥ ನಿಯಮಗಳೆಲ್ಲ ಇರುವ ಕೋಡ್‌ಬುಕ್ಕನ್ನು ಮೊದಲ ಪುಟದಿಂದ ಕೊನೆಯವರೆಗೆ ಓದುವ ತನಕ ಫೈಲನ್ನು ತೆರೆಯಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂಲ ವರದಿಯ ವಾಕ್ಯವನ್ನು ಪದಶಃ ಒಂದು ಕಾಲಂನಲ್ಲಿ ಇಟ್ಟುಕೊಳ್ಳಬೇಕು, ಪುಟದ ಚಿತ್ರವನ್ನೂ ಉಳಿಸಿಕೊಳ್ಳಬೇಕು. ಸಂಘರ್ಷದ ಪ್ರದೇಶದ ಸಣ್ಣ ಪತ್ರಿಕೆಗಳ ಜಾಲತಾಣಗಳು ಒಂದು ದಿನ ಇರುತ್ತವೆ, ಮರುದಿನ ಇರುವುದಿಲ್ಲ. ಯಾರು, ಯಾವ ದಿನ ಈ ಸಾಲನ್ನು ತುಂಬಿದರು ಎಂಬುದೂ ಅಲ್ಲೇ ಇರಲಿ.

ಒಬ್ಬರೇ ಕೂತು ತುಂಬಿದ ಕೋಷ್ಟಕವನ್ನು ನಂಬುವಂತಿಲ್ಲ. ನೂರು ವರದಿಗಳನ್ನು ಇಬ್ಬರು, ಒಬ್ಬರದನ್ನು ಇನ್ನೊಬ್ಬರು ನೋಡದಂತೆ, ತುಂಬಬೇಕು. ಅವರ ಒಮ್ಮತವನ್ನು ಕ್ರಿಪೆಂಡಾರ್ಫ್ ಆಲ್ಫಾ ಎಂಬ ಅಳತೆಯಿಂದ ನೋಡಬೇಕು; ಪೂರ್ಣ ಒಮ್ಮತವಾದರೆ ಅದು 1. 0.80 ದಾಟಿದರೆ ನೆಮ್ಮದಿ. 0.667ಕ್ಕಿಂತ ಕೆಳಗೆ ಬಂದರೆ ಆ ಕಾಲಂ ಅನ್ನು ಬಳಸುವಂತಿಲ್ಲ. ನಿಯಮವನ್ನೇ ತಿದ್ದಿ ಮತ್ತೆ ಮೊದಲಿನಿಂದ. ದಿನಾಂಕದಲ್ಲಿ ಜಗಳ ಬರುವುದು ಅಪರೂಪ. ಬರುವುದೆಲ್ಲ ‘ಯಾರು ಮಾಡಿದರು’ ಎಂಬ ಕಾಲಂನಲ್ಲಿ. ವರದಿಯಲ್ಲಿ ‘ಅಪರಿಚಿತ ಬಂದೂಕುಧಾರಿಗಳು’ ಎಂದಿರುತ್ತದೆ. ಕೋಷ್ಟಕ ತುಂಬುವ, ಆ ಪ್ರದೇಶವನ್ನು ಬಲ್ಲ ಕೋಡರ್ ‘ಅಲ್ಲಿ ಬೇರೆ ಯಾರಿದ್ದಾರೆ, ಅವರೇ’ ಎಂದು ಗುಂಪಿನ ಹೆಸರು ಬರೆದುಬಿಡುತ್ತಾರೆ. ಊಹೆ ಸರಿಯೇ ಇದ್ದರೂ ಅದು ಊಹೆ. ಕೋಷ್ಟಕಕ್ಕೆ ಹೋದ ಮೇಲೆ ಅದು ಒಂದು ಗುಂಪಿನ ಮೇಲೆ ಹೊರಿಸಿದ ಕೊಲೆಯ ಆರೋಪ, ಮುಂದೆ ಪ್ರಬಂಧಗಳಲ್ಲಿ ಪುರಾವೆ. ಅಪರಿಚಿತರನ್ನು ಅಪರಿಚಿತರೆಂದೇ ಬಿಡಬೇಕು.

ಸೊನ್ನೆಯ ವಿಷಯಕ್ಕೆ ಮರಳುತ್ತೇನೆ. ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಜಾಗತಿಕ ಭಯೋತ್ಪಾದನಾ ದತ್ತಸಂಚಯ 1970ರಿಂದ ಶುರುವಾಗುತ್ತದೆ, ಆದರೆ ಅದರಲ್ಲಿ 1993ರ ಘಟನೆಗಳಿಲ್ಲ. ಆ ವರ್ಷದ ಮೂಲ ಕಡತಗಳು ವಿಶ್ವವಿದ್ಯಾಲಯದ ಕೈಗೆ ಬರುವ ಮುಂಚೆಯೇ ಕಳೆದುಹೋಗಿದ್ದವು. ವರ್ಷವಾರು ಎಣಿಸುವ ಒಂದು ಸಾಲಿನ ಪ್ರೋಗ್ರಾಂ ಬರೆದು, ಇಲ್ಲದ ವರ್ಷಕ್ಕೆ ಸೊನ್ನೆ ತುಂಬಿಸಿ ಗೆರೆ ಎಳೆದರೆ, 1993ರಲ್ಲಿ ಇಡೀ ಜಗತ್ತು ತಣ್ಣಗಿತ್ತು ಎಂಬ ಚಿತ್ರ ಸಿಗುತ್ತದೆ. ‘ಇಲ್ಲ’ ಮತ್ತು ‘ಗೊತ್ತಿಲ್ಲ’ ಎಂಬ ಎರಡಕ್ಕೆ ಎರಡು ಬೇರೆ ಸಂಕೇತ ಬೇಕೇ ಬೇಕು. ಇದೇ ತಪ್ಪು ಸಣ್ಣ ಪ್ರಮಾಣದಲ್ಲಿ ಎಲ್ಲ ಕಡೆ ಆಗುತ್ತಿರುತ್ತದೆ: ವರದಿಗಾರರು ಹೋಗದ ಕಣಿವೆ, ಮೊಬೈಲ್ ಸಿಗ್ನಲ್ ಇಲ್ಲದ ತಾಲ್ಲೂಕು, ಪತ್ರಿಕೆಗಳನ್ನು ಮುಚ್ಚಿಸಿದ ತಿಂಗಳು. ಮೊಬೈಲ್ ಗೋಪುರ ಬಂದ ಮೇಲೆ ಒಂದು ಪ್ರದೇಶದಲ್ಲಿ ಘಟನೆಗಳು ಏರಿದಂತೆ ಕಂಡರೆ, ಏರಿದ್ದು ಹಿಂಸೆಯೋ ವರದಿಯೋ ಎಂದು ಮೊದಲು ಕೇಳಿಕೊಳ್ಳಬೇಕು.

ಕಾಣದ ಸಾವುಗಳನ್ನು ಅಂದಾಜು ಮಾಡಲು ಒಂದು ದಾರಿ ಇದೆ. ಅದರ ತಿರುಳು ಸರಳ. ಒಂದು ಸಂಸ್ಥೆಯ ಪಟ್ಟಿಯಲ್ಲಿ 200 ಹೆಸರು, ಇನ್ನೊಂದರಲ್ಲಿ 150, ಎರಡರಲ್ಲೂ ಇರುವವು 60. ಎರಡನೆಯ ಪಟ್ಟಿಯ 150ರಲ್ಲಿ 60 ಮೊದಲನೆಯದಕ್ಕೂ ಸಿಕ್ಕಿವೆ, ಅಂದರೆ ಮೊದಲ ಪಟ್ಟಿ ನೂರಕ್ಕೆ 40ರಷ್ಟನ್ನು ಹಿಡಿಯುತ್ತದೆ. 200 ಎಂಬುದು ನೂರಕ್ಕೆ 40 ಆದರೆ ಒಟ್ಟು 500. ಹೆಸರು ಗೊತ್ತಿರುವವರು 290, ಗೊತ್ತಿಲ್ಲದವರು ಸುಮಾರು 210. ಪೆರುವಿನ ಸತ್ಯ ಮತ್ತು ಸಮನ್ವಯ ಆಯೋಗ ಈ ತತ್ತ್ವದ ವಿಸ್ತೃತ ರೂಪವನ್ನು ಬಳಸಿ, 1980ರಿಂದ 2000ದವರೆಗಿನ ಸಂಘರ್ಷದಲ್ಲಿ ಸತ್ತವರು ಮತ್ತು ಕಾಣೆಯಾದವರು ಸುಮಾರು 69,280 ಎಂದು 2003ರಲ್ಲಿ ಹೇಳಿತು. ಅಂದಾಜಿನ ವ್ಯಾಪ್ತಿ 61,007ರಿಂದ 77,552. ಅದಕ್ಕೆ ಮುಂಚೆ ದೇಶದಲ್ಲಿ ಎಲ್ಲರೂ ನಂಬಿದ್ದು ಇದರ ಅರ್ಧದಷ್ಟನ್ನೂ ಮುಟ್ಟುತ್ತಿರಲಿಲ್ಲ ಎನ್ನಬಹುದು. ಆಯೋಗಕ್ಕೆ ವರದಿಯಾದ ಬಲಿಪಶುಗಳಲ್ಲಿ ನೂರಕ್ಕೆ ಸುಮಾರು 75 ಮಂದಿಯ ಮಾತೃಭಾಷೆ ಕೆಚುವಾ ಅಥವಾ ಬೇರೊಂದು ಸ್ಥಳೀಯ ಭಾಷೆ. ರಾಜಧಾನಿಯ ಪತ್ರಿಕೆಗಳು ಆಡದ ಭಾಷೆಯಲ್ಲಿ ಜನ ಸತ್ತಿದ್ದರು. ಈ ವಿಧಾನಕ್ಕೂ ಮಿತಿಯಿದೆ, ಪೆರುವಿನ ಅಂಕಿಯ ಮೇಲೆ ಮುಂದೆ ವಿದ್ವಾಂಸರ ನಡುವೆ ಗಟ್ಟಿ ವಾದ ನಡೆದಿದೆ. ಪಟ್ಟಿಗಳು ಒಂದನ್ನೊಂದು ಅವಲಂಬಿಸಿರಬಾರದು ಎಂಬುದು ಷರತ್ತು. ಎರಡೂ ಸಂಸ್ಥೆಗಳು ಒಂದೇ ಚರ್ಚಿನ ಮೂಲಕ ಹೆಸರು ಪಡೆದಿದ್ದರೆ ಸಮಾನ ಹೆಸರುಗಳು ಹೆಚ್ಚಿ, ಒಟ್ಟು ಅಂದಾಜು ಕುಗ್ಗುತ್ತದೆ. ಹೆಸರು ಹೊಂದಿಸುವಾಗಿನ ತಪ್ಪು ಅದಕ್ಕಿಂತ ಕೆಟ್ಟದ್ದು: ಒಂದೇ ಹೆಸರನ್ನು ಎರಡು ರೀತಿ ಬರೆದದ್ದು ಗೊತ್ತಾಗದೆ ಹೋದರೆ ಸಮಾನ ಹೆಸರುಗಳು 60ರಿಂದ 40ಕ್ಕೆ ಇಳಿದು, ಒಟ್ಟು 500ರಿಂದ 750ಕ್ಕೆ ಜಿಗಿಯುತ್ತದೆ.

ನಾಲ್ಕನೆಯ ಬಗೆಯ, ಅಂದರೆ ಬಿಗಿ ಹಿಡಿತದಿಂದ ಬಂದ ಸೊನ್ನೆಯನ್ನು ಯಾವ ಪಟ್ಟಿಯೂ ತೋರಿಸುವುದಿಲ್ಲ. ಅಂತರ್ಯುದ್ಧಗಳ ಕುರಿತ ರಾಜ್ಯಶಾಸ್ತ್ರಜ್ಞ ಸ್ಟಾಥಿಸ್ ಕಲಿವಾಸ್ ಅವರ ವಾದ ಇಲ್ಲಿ ದಾರಿ ತೋರಿಸುತ್ತದೆ. ಒಂದು ಪಕ್ಷ ಪೂರ್ತಿ ಹಿಡಿತ ಸಾಧಿಸಿದ ಕಡೆ ಜನರನ್ನು ಆರಿಸಿ ಕೊಲ್ಲುವುದು ಕಡಿಮೆ, ಏಕೆಂದರೆ ಎದುರಾಡುವವರು ಉಳಿದಿರುವುದಿಲ್ಲ. ಅಂಥ ಹಿಂಸೆ ಹೆಚ್ಚುವುದು ಒಂದು ಪಕ್ಷದ ಕೈ ಮೇಲಾಗಿದ್ದರೂ ಹಿಡಿತ ಪೂರ್ಣವಾಗದ ಜಾಗಗಳಲ್ಲಿ. ಹಾಗಾಗಿ ಸೊನ್ನೆ ಇರುವ ಜಿಲ್ಲೆಗೆ ಹೋಗಿ ತಿಳಿಯಬೇಕಾದ ಸಂಗತಿಗಳೇ ಬೇರೆ: ರಾತ್ರಿ ರಸ್ತೆಯಲ್ಲಿ ತಡೆಯುವವರು ಯಾರು, ಜಮೀನಿನ ವ್ಯಾಜ್ಯ ಯಾರ ಬಳಿಗೆ ಹೋಗುತ್ತದೆ, ವ್ಯಾಪಾರಿಗಳು ಯಾರಿಗೆ ಹಣ ಕೊಡುತ್ತಾರೆ, ಮದುವೆಗೆ ಯಾರ ಅಪ್ಪಣೆ ಬೇಕು. ಇದಕ್ಕೆ ಕ್ಷೇತ್ರಕಾರ್ಯವಲ್ಲದೆ ಬೇರೆ ದಾರಿ ಇಲ್ಲ.

ಕ್ಷೇತ್ರಕ್ಕೆ ಹೋಗುವ ಮುನ್ನ ವಿಶ್ವವಿದ್ಯಾಲಯದ ನೀತಿ ಸಮಿತಿಯ ಒಪ್ಪಿಗೆ ಬೇಕು. ಸಮಿತಿಗಳು ಸಾಮಾನ್ಯವಾಗಿ ಸಹಿ ಮಾಡಿದ ಸಮ್ಮತಿ ಪತ್ರ ಕೇಳುತ್ತವೆ. ಸಂಘರ್ಷ ಪ್ರದೇಶದಲ್ಲಿ ಆ ಸಹಿಯೇ ಅಪಾಯ. ತಪಾಸಣಾ ಠಾಣೆಯಲ್ಲಿ ಸಿಕ್ಕಿದರೆ ಯಾರು ಯಾರು ಮಾತಾಡಿದ್ದಾರೆಂಬ ಪಟ್ಟಿಯನ್ನು ನಾವೇ ಬರೆದು ಕೊಟ್ಟಂತೆ. ಬಾಯಿಮಾತಿನ ಸಮ್ಮತಿಗೆ ಅವಕಾಶ ಕೇಳಿ, ಕಾರಣವನ್ನು ಅರ್ಜಿಯಲ್ಲೇ ವಿವರಿಸಬೇಕು. ಒಪ್ಪಿಗೆಗೆ ತಿಂಗಳುಗಳೇ ಹಿಡಿಯಬಹುದು, ಪ್ರಯಾಣದ ದಿನವನ್ನು ಆಮೇಲೆ ಗೊತ್ತು ಮಾಡುವುದು ಒಳ್ಳೆಯದು.

ಸಮ್ಮತಿಯ ಮಾತಿನಲ್ಲಿ ಏನಿರಬೇಕು ಎಂಬುದಕ್ಕೆ ಅಮೆರಿಕದ ಬಾಸ್ಟನ್ ಕಾಲೇಜಿನ ಪ್ರಕರಣವನ್ನು ಪ್ರತಿಯೊಬ್ಬರೂ ಓದಬೇಕು. ಉತ್ತರ ಐರ್ಲೆಂಡಿನ ಸಶಸ್ತ್ರ ಗುಂಪುಗಳಲ್ಲಿದ್ದವರ ನೆನಪುಗಳನ್ನು ಆ ಕಾಲೇಜಿನ ಯೋಜನೆಯೊಂದು 2001ರಿಂದ 2006ರವರೆಗೆ ಧ್ವನಿಮುದ್ರಿಸಿತು. ತಾವು ಬದುಕಿರುವ ತನಕ ಅವು ಹೊರಬರುವುದಿಲ್ಲ ಎಂದು ನಂಬಿ ಅವರು ಮಾತಾಡಿದ್ದರು. 2011ರಲ್ಲಿ ಬ್ರಿಟನ್ನಿನ ಕೋರಿಕೆಯಂತೆ ಅಮೆರಿಕದಲ್ಲಿ ಸಮನ್ಸ್ ಹೊರಟಿತು. ನ್ಯಾಯಾಲಯದ ಹೋರಾಟದ ನಂತರ ಕೆಲವು ಧ್ವನಿಮುದ್ರಿಕೆಗಳು ಉತ್ತರ ಐರ್ಲೆಂಡಿನ ಪೊಲೀಸರಿಗೆ ಸೇರಿದವು. ಸಂಶೋಧಕರ ಮಾತಿಗೆ ವಕೀಲರ ಅಥವಾ ಪಾದ್ರಿಗಳ ಗುಟ್ಟಿಗಿರುವಂಥ ಕಾನೂನಿನ ರಕ್ಷಣೆ ಬಹುತೇಕ ಕಡೆ ಇಲ್ಲ. ಆದ್ದರಿಂದ ‘ಯಾರಿಗೂ ಹೇಳುವುದಿಲ್ಲ’ ಎಂದು ಭರವಸೆ ಕೊಡಬಾರದು. ‘ನ್ಯಾಯಾಲಯ ಕೇಳಿದರೆ ನನ್ನ ಕೈಯಲ್ಲಿ ತಡೆಯಲು ಆಗದೇ ಹೋಗಬಹುದು. ಆದ್ದರಿಂದ ಇತ್ಯರ್ಥವಾಗದ ಅಪರಾಧದ ಬಗ್ಗೆ ಹೆಸರು, ದಿನ, ಜಾಗ ಹೇಳಬೇಡಿ’ ಎಂದು ಮಾತು ಶುರುವಾಗುವ ಮುಂಚೆಯೇ ತಿಳಿಸಬೇಕು. ನಡುವೆ ಹೆಸರು ಬಾಯಿಗೆ ಬಂದರೆ ರೆಕಾರ್ಡರ್ ನಿಲ್ಲಿಸಿ ಮತ್ತೆ ನೆನಪಿಸಬೇಕು. ಇದರಿಂದ ಕೆಲವು ಮಾತು ಕಳೆದುಹೋಗುತ್ತವೆ. ಹೋಗಲಿ.

ಧ್ವನಿಮುದ್ರಣ ಅದೇ ದಿನ ಗೂಢಲಿಪೀಕರಣಗೊಂಡ ಡ್ರೈವ್‌ಗೆ ಹೋಗಿ, ರೆಕಾರ್ಡರ್‌ನಿಂದ ಅಳಿಯಬೇಕು. ಫೈಲಿನ ಹೆಸರಿನಲ್ಲಿ ಊರು, ದಿನಾಂಕ ಇರಬಾರದು, ಸಂಖ್ಯೆ ಸಾಕು. ಸಂಖ್ಯೆಗೂ ವ್ಯಕ್ತಿಗೂ ಸಂಬಂಧ ಹೇಳುವ ಕೀಲಿಪಟ್ಟಿ ಬೇರೆ ಸಾಧನದಲ್ಲಿ, ಬೇರೆ ಪಾಸ್‌ವರ್ಡ್‌ನಲ್ಲಿ. ಫೋನಿನಲ್ಲಿ ತೆಗೆದ ಫೋಟೋದೊಳಗೆ ಸ್ಥಳದ ಅಕ್ಷಾಂಶ, ರೇಖಾಂಶ ಅಡಗಿರುತ್ತವೆ, ಆ ಸೌಲಭ್ಯವನ್ನು ಮನೆಯಿಂದ ಹೊರಡುವ ಮೊದಲೇ ಆಫ್ ಮಾಡಿಡಬೇಕು. ಎಲ್ಲ ಮಾಡಿಯೂ ಮರೆಯುವುದು ದುಭಾಷಿಯನ್ನು. ಸಂಶೋಧಕರು ವಿಮಾನ ಹತ್ತುತ್ತಾರೆ, ದುಭಾಷಿ ಅದೇ ಊರಿನಲ್ಲಿ ಉಳಿಯುತ್ತಾರೆ. ಯಾರ ಮನೆಗೆ ಹೋದೆವೆಂದು ಅವರನ್ನೇ ಕೇಳುವುದು. ಅವರ ಫೋನಿನಲ್ಲಿ ಏನಿದೆ, ಅವರಿಗೆ ಯಾವ ಹೆಸರುಗಳು ಗೊತ್ತಾದವು, ಪ್ರಬಂಧದಲ್ಲಿ ಅವರ ಹೆಸರು ಬರಬೇಕೋ ಬೇಡವೋ ಎಂಬುದನ್ನು ಅವರೊಡನೆ ಕೂತೇ ತೀರ್ಮಾನಿಸಬೇಕು.

ಸಂದರ್ಶನದಲ್ಲಿ ‘ಆ ದಿನ ಏನಾಯಿತು’ ಎಂದು ಕೇಳುವ ಮೊದಲು, ಅದು ಬೇರೆ ಕಡೆ ದಾಖಲಾಗಿದೆಯೇ ಎಂದು ನೋಡಿಕೊಳ್ಳಬೇಕು. ದಾಖಲಾಗಿದ್ದರೆ ಮತ್ತೊಮ್ಮೆ ಹೇಳಿಸುವ ಹಕ್ಕು ನಮಗಿಲ್ಲ. ‘ಆಮೇಲೆ ನೆರೆಯವರು ಬಂದರೇ, ಯಾರು ಮೊದಲು ಬಂದರು’ ಎಂಬ ಪ್ರಶ್ನೆ ಹಲವು ಸಲ ಹೆಚ್ಚು ತಿಳಿಸುತ್ತದೆ, ಕಡಿಮೆ ನೋಯಿಸುತ್ತದೆ. ಮಾತು ಮುಗಿಯುವಾಗ ಇವತ್ತಿನ ದಿನಕ್ಕೆ ಬಂದು ನಿಲ್ಲಬೇಕು: ಮಕ್ಕಳ ಓದು, ಈ ವರ್ಷದ ಬೆಳೆ. ನೆರವು ಬೇಕಾದರೆ ಹೋಗಬಹುದಾದ ಜಾಗಗಳ ಪಟ್ಟಿ ಜೇಬಿನಲ್ಲಿರಬೇಕು, ಅವು ಈಗಲೂ ತೆರೆದಿವೆಯೇ ಎಂದು ಆ ವಾರವೇ ವಿಚಾರಿಸಿರಬೇಕು. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು, ಅನುವಾದವೂ ಸೇರಿದರೆ ಇನ್ನೂ ಹೆಚ್ಚು. ದಿನಕ್ಕೆ ಎರಡಕ್ಕಿಂತ ಹೆಚ್ಚು ಸಂದರ್ಶನ ಇಟ್ಟುಕೊಂಡರೆ ಮೂರನೆಯದರಲ್ಲಿ ಕೇಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ.

‘ಈ ಸಶಸ್ತ್ರ ಗುಂಪನ್ನು ಬೆಂಬಲಿಸುತ್ತೀರಾ’ ಎಂದು ಸಮೀಕ್ಷೆಯಲ್ಲಿ ನೇರವಾಗಿ ಕೇಳಿದರೆ ಬರುವುದೂ ಸೊನ್ನೆಯೇ. ಪಟ್ಟಿ ಪ್ರಯೋಗ ಎಂಬ ಉಪಾಯವಿದೆ. ಅರ್ಧ ಜನರಿಗೆ ಸಾಧಾರಣ ಮೂರು ಹೆಸರು ಓದಿ, ಎಷ್ಟನ್ನು ಬೆಂಬಲಿಸುತ್ತೀರಿ ಎಂಬ ಸಂಖ್ಯೆ ಮಾತ್ರ ಕೇಳುವುದು. ಉಳಿದ ಅರ್ಧಕ್ಕೆ ಅದೇ ಮೂರರ ಜೊತೆ ಆ ಗುಂಪನ್ನೂ ಸೇರಿಸುವುದು. ಸರಾಸರಿ 1.60 ಮತ್ತು 1.80 ಬಂದರೆ ಬೆಂಬಲ ನೂರಕ್ಕೆ 20. ಯಾವ ವ್ಯಕ್ತಿಯ ಉತ್ತರ ಏನೆಂದು ಯಾರಿಗೂ ತಿಳಿಯುವುದಿಲ್ಲ. ಆದರೆ ಬೆಲೆ ತೆರಬೇಕು. 1,000 ಮಂದಿಯನ್ನು ಕೇಳಿ, ಉತ್ತರಗಳ ಪ್ರಮಾಣಿತ ವಿಚಲನೆ (ಸರಾಸರಿಯಿಂದ ಅವು ಎಷ್ಟು ಚದುರಿವೆ ಎಂಬ ಅಳತೆ) 0.9ರ ಆಸುಪಾಸಿನಲ್ಲಿದ್ದರೆ, ಆ 20ರ ಆಚೀಚೆ 11 ಅಂಶಗಳ ತಪ್ಪು ಸಾಧ್ಯ. ನೇರ ಪ್ರಶ್ನೆಯಲ್ಲಿ ಅದು 2.5 ಅಂಶ. ಇನ್ನೊಂದು ಅಪಾಯ, ಮೊದಲ ಮೂರೂ ಎಲ್ಲರಿಗೂ ಇಷ್ಟವಾಗುವಂಥವಾದರೆ ‘ನಾಲ್ಕು’ ಎಂದ ಕೂಡಲೇ ಗುಟ್ಟು ಬಯಲು. ಮೂರರಲ್ಲಿ ಒಂದು ಬಹುಪಾಲು ಜನ ಒಪ್ಪದ್ದಾಗಿರಬೇಕು, ಒಂದು ಬಹುಪಾಲು ಒಪ್ಪುವಂಥದ್ದಾಗಿರಬೇಕು.

ಶಾಂತಿಯನ್ನು ಅಳೆಯುವುದಕ್ಕೆ ಬೇರೆಯದೇ ಕೋಷ್ಟಕ ಬೇಕು. ಗುಂಡಿನ ಸದ್ದು ನಿಂತದ್ದನ್ನು ನೇತ್ಯಾತ್ಮಕ ಶಾಂತಿ ಎಂದೂ, ಅನ್ಯಾಯದ ವ್ಯವಸ್ಥೆಯೇ ಬದಲಾದದ್ದನ್ನು ಧನಾತ್ಮಕ ಶಾಂತಿ ಎಂದೂ ನಾರ್ವೆಯ ಶಾಂತಿ ಸಂಶೋಧಕ ಯೋಹಾನ್ ಗಾಲ್ಟುಂಗ್ 1960ರ ದಶಕದಲ್ಲಿ ಬೇರ್ಪಡಿಸಿದರು. ಒಪ್ಪಂದ ಎಷ್ಟು ಜಾರಿಯಾಯಿತೆಂದು ನೋಡಲು ಒಳ್ಳೆಯ ಮಾದರಿ ಕೊಲಂಬಿಯಾದ್ದು. 2016ರ ಅಕ್ಟೋಬರ್ 2ರ ಜನಮತದಲ್ಲಿ ಸರ್ಕಾರ ಮತ್ತು ಫಾರ್ಕ್ ಬಂಡುಕೋರರ ನಡುವಿನ ಮೊದಲ ಒಪ್ಪಂದ ಕೂದಲೆಳೆಯಲ್ಲಿ ಸೋತು, ತಿದ್ದಿದ ಒಪ್ಪಂದಕ್ಕೆ ನವೆಂಬರ್ 24ರಂದು ಸಹಿ ಬಿತ್ತು. ಅಮೆರಿಕದ ನೋಟ್ರ ಡೇಮ್ ವಿಶ್ವವಿದ್ಯಾಲಯದ ಕ್ರಾಕ್ ಸಂಸ್ಥೆ ಅದನ್ನು 578 ಬದ್ಧತೆಗಳಾಗಿ ಬಿಡಿಸಿ, ಒಂದೊಂದನ್ನೂ ಶುರುವಾಗಿಲ್ಲ, ಕನಿಷ್ಠ, ಮಧ್ಯಮ, ಪೂರ್ಣ ಎಂದು ಗುರುತಿಸುತ್ತ ಬಂದಿದೆ. ಭೂಸುಧಾರಣೆ ಎಂಬ ದೊಡ್ಡ ಪದವನ್ನು ಹೀಗೆ ಬಿಡಿಸಿದಾಗಲೇ ಎಲ್ಲಿ ನಿಂತಿದೆ ಎಂದು ತೋರುವುದು.

ಊರಿನ ಮಟ್ಟದಲ್ಲಿ ಸೂಚಕಗಳನ್ನು ಊರಿನವರೇ ಹೇಳಬೇಕು. ಸಂಶೋಧಕರಾದ ರಾಜರ್ ಮಕ್ ಗಿಂಟಿ ಮತ್ತು ಪಮೀನಾ ಫರ್ಚೋ ಕಟ್ಟಿದ ದಿನನಿತ್ಯದ ಶಾಂತಿ ಸೂಚಕಗಳ ವಿಧಾನ ಇದೇ: ‘ನಿಮ್ಮ ಊರು ಸುರಕ್ಷಿತವೆಂದು ಯಾವುದರಿಂದ ತಿಳಿಯುತ್ತೀರಿ’ ಎಂದು ಗುಂಪುಗಳಲ್ಲಿ ಕೇಳಿ, ಉದ್ದ ಪಟ್ಟಿ ಮಾಡಿ, ಅವರಿಂದಲೇ ಆರಿಸುವುದು. ರಾತ್ರಿ ನಾಯಿಗಳು ಬೊಗಳುತ್ತವೆಯೇ ಎಂಬುದು ಇಂಥ ಕೆಲಸದಿಂದ ಹೆಸರಾದ ಸೂಚಕ. ಬೊಗಳಿದರೆ ಕತ್ತಲಲ್ಲಿ ಯಾರೋ ಓಡಾಡುತ್ತಿದ್ದಾರೆ. ಗಂಡಸರು, ಹೆಂಗಸರು, ಯುವಕರು ಬೇರೆ ಬೇರೆ ಕೂರಬೇಕು. ಒಟ್ಟಿಗೆ ಕೂರಿಸಿದರೆ ನೀರಿಗೆ ಹೋಗುವ ದಾರಿಯ ಭಯ ಪಟ್ಟಿಗೆ ಬರುವುದೇ ಇಲ್ಲ.

ಪ್ರಕಟಿಸುವಾಗ ಹೆಸರು ಬದಲಿಸಿದರೆ ಸಾಲದು. ನಲವತ್ತು ಮನೆಯ ಹಳ್ಳಿಯಲ್ಲಿ ‘ಹಿಂದೆ ಹೋರಾಟಗಾರ್ತಿಯಾಗಿದ್ದ ಶಿಕ್ಷಕಿ’ ಎಂದರೆ ಹೆಸರೇ ಹೇಳಿದ ಹಾಗೆ. ಊರನ್ನು ಜಿಲ್ಲೆಯಾಗಿ, ಉದ್ಯೋಗವನ್ನು ‘ಸರ್ಕಾರಿ ನೌಕರಿ’ಯಾಗಿ ಮಸುಕು ಮಾಡಿ, ವಾದಕ್ಕೆ ಬೇಡದ ವಿವರಗಳನ್ನು ಬಿಡಬೇಕು.

ಕೊನೆಗೆ ಕೋಷ್ಟಕವನ್ನು ಹಿಡಿದು ಆ ಜಿಲ್ಲೆಗಳಿಗೆ ವಾಪಸು ಹೋಗುವುದು. ಅನುದಾನದ ಅರ್ಜಿಯಲ್ಲೇ ಇದಕ್ಕೆ ಹಣ ಕೇಳಿರಬೇಕು, ಇಲ್ಲದಿದ್ದರೆ ಈ ಭೇಟಿ ಆಗುವುದೇ ಇಲ್ಲ. ಹೆಸರುಗಳನ್ನು ತೆಗೆದ ಹಾಳೆಯಲ್ಲಿ ತಿಂಗಳುಗಳನ್ನೂ ಅಂಕಿಗಳನ್ನೂ ತೋರಿಸುತ್ತ ಹೋದರೆ ಜನ ಸೊನ್ನೆಗಳ ಬಳಿಯೇ ಬೆರಳಿಡುತ್ತಾರೆ. ಅವರು ಹೇಳಿದ್ದನ್ನು ಹಳೆಯ ಅಂಕಿಯ ಮೇಲೆ ಬರೆಯಬಾರದು. ಪಕ್ಕದಲ್ಲಿ ಹೊಸ ಕಾಲಂ ಮಾಡಿ, ಎಷ್ಟು ಮಂದಿ ಬೇರೆ ಬೇರೆಯಾಗಿ ಹೇಳಿದರೆಂದು ಗುರುತಿಸಿ, ಫೈಲಿಗೆ ಹೊಸ ಆವೃತ್ತಿ ಸಂಖ್ಯೆ ಕೊಡಬೇಕು.